ಶೀನಣ್ಣ ಆರಿಸುತ್ತಿದ್ದ ಪೆಟ್ಟಿಗೆ

ಶೀನಣ್ಣ ಒಂದು ಕಡೆ ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡವಳಲ್ಲ. ಕುರ್ಚಿಯ ಅಂಚಿಗೆ ಕೂತು ಎಡಗಾಲು ಅಲ್ಲಾಡಿಸುತ್ತ, ಕಾಫಿ ಲೋಟ ಕೈಗೆ ಬರುವ ಮೊದಲೇ ಎದ್ದು ಕಿಟಕಿಯ ಹತ್ತಿರ ಹೋಗಿ, ಅಲ್ಲಿಂದ ಟೀವಿಯ ಹಿಂದಕ್ಕೆ ಬಗ್ಗಿ ನೋಡಿ, ಮತ್ತೆ ಬಂದು ಅದೇ ಅಂಚಿಗೆ ಕೂರುತ್ತಿದ್ದರು. ನೋಡುವವರಿಗೆ ಕಾಲು ನೋಯಬೇಕು, ಹಾಗೆ. ನನಗಂತೂ ಪಿತ್ತ ನೆತ್ತಿಗೇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ಪಿತ್ತದ ಪಾಲು ದೊಡ್ಡದಿದೆ.

ಅವರು ನಮ್ಮಪ್ಪ ಪಂಚಾಕ್ಷರಯ್ಯನವರ ಸ್ನೇಹಿತರು. ಇಬ್ಬರೂ ಒಂದೇ ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಕ್ಕಪಕ್ಕದ ಮೇಜುಗಳಲ್ಲಿ ಗುಮಾಸ್ತರಾಗಿದ್ದು, 2004ರಲ್ಲಿ ಒಂದು ತಿಂಗಳ ಅಂತರದಲ್ಲಿ ನಿವೃತ್ತರಾದವರು. ನಾವು ಇರುವುದು ಚಾಮರಾಜಪೇಟೆ, ಅವರದು ಹನುಮಂತನಗರ. ಮಧ್ಯದ ದಾರಿಯನ್ನು ಅವರು ಬಸ್ಸಿನಲ್ಲಿ ಬಂದದ್ದಿಲ್ಲ. ಬಸ್ಸಿಗೆ ಕಾಯುತ್ತ ನಿಲ್ಲುವುದು ಅವರ ಕೈಲಿ ಆಗದ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ನಡೆದೇ ಬರುತ್ತಿದ್ದರು. ಸರಿಯಾದ ಹೆಸರು ಶ್ರೀನಿವಾಸರಾವ್ ಎಂದು ನನಗೆ ಗೊತ್ತಾದದ್ದು ಅವರ ಬೀಳ್ಕೊಡುಗೆಯ ಆಹ್ವಾನ ಪತ್ರಿಕೆಯಲ್ಲಿ. ದೊಡ್ಡವರಿಗೂ ಮಕ್ಕಳಿಗೂ ಅವರು ಶೀನಣ್ಣನೇ.

ತೊಂಬತ್ತರ ದಶಕದಲ್ಲಿ ನಮ್ಮ ರಸ್ತೆಯ ಯಾವ ಮನೆಗೆ ಮಿಕ್ಸಿ ಬಂದರೂ, ಕಲರ್ ಟೀವಿ ಬಂದರೂ, ವಾಷಿಂಗ್ ಮಷೀನ್ ಬಂದರೂ ಅದನ್ನು ಆರಿಸಿದವರು ಶೀನಣ್ಣ. ಆರಿಸುವುದೆಂದರೆ ಅಂಗಡಿಗೆ ಹೋಗಿ ಬೆರಳು ತೋರಿಸುವುದಲ್ಲ. ಮೊದಲ ತಿಂಗಳು ಅಂಗಡಿ ಅಂಗಡಿ ತಿರುಗಿ ಜಾಹೀರಾತಿನ ಹಾಳೆಗಳನ್ನು ತರುವುದು. ಎರಡನೆಯ ತಿಂಗಳು ಅದೇ ವಸ್ತುವನ್ನು ಕೊಂಡು ಪಶ್ಚಾತ್ತಾಪ ಪಡುತ್ತಿರುವವರನ್ನು ಹುಡುಕಿ ಮಾತಾಡಿಸುವುದು. ಮೂರನೆಯ ತಿಂಗಳು, ಇನ್ನೇನು ಕೊಳ್ಳಬೇಕು ಎನ್ನುವಾಗ, ಹೊಸ ಮಾಡೆಲ್ ಬರುತ್ತಿದೆಯಂತೆ ತಡೆಯಿರಿ ಎನ್ನುವುದು. ಮೀನ ಮೇಷ ಎಣಿಸುವುದು ಬೇರೆಯವರಿಗೆ ದೌರ್ಬಲ್ಯ, ಶೀನಣ್ಣನಿಗೆ ಅದೇ ಉದ್ಯೋಗ. ಆದರೆ ಅವರು ಆರಿಸಿದ್ದು ಕೆಟ್ಟಿತು ಎಂದು ಯಾರೂ ಹೇಳಿದ್ದಿಲ್ಲ.

ವಸ್ತು ಮನೆಗೆ ಬಂದ ಮೇಲೆ ಇನ್ನೊಂದು ಶಾಸ್ತ್ರ. ಡಬ್ಬಿಯ ಟೇಪು ಕತ್ತರಿಸುವುದು, ಮೊದಲ ಸಲ ಸ್ವಿಚ್ ಹಾಕುವುದು ಶೀನಣ್ಣನ ಕೈಯಿಂದಲೇ ಆಗಬೇಕು. ಅವರ ಕೈಗುಣ ಚೆನ್ನಾಗಿದೆ ಎಂದು ರಸ್ತೆಯವರೆಲ್ಲ ನಂಬಿದ್ದರು. ಎದುರು ಮನೆಯ ಅಂಜನಪ್ಪನವರು ಒಮ್ಮೆ ಅವಸರ ಮಾಡಿ ಫ್ರಿಜ್ಜಿಗೆ ತಾವೇ ಸ್ವಿಚ್ ಹಾಕಿದರು. ಹದಿನೈದು ದಿನಕ್ಕೆ ಅದು ನಿಂತಿತು. ಆ ತಿಂಗಳು ರಸ್ತೆಯಲ್ಲಿ ವೋಲ್ಟೇಜೇ ಸರಿ ಇರಲಿಲ್ಲ, ಅರ್ಧ ಮನೆಗಳ ಬಲ್ಬು ಹೋಗಿದ್ದವು ಎನ್ನುವುದು ಯಾರಿಗೂ ಬೇಕಾಗಲಿಲ್ಲ. ಆಮೇಲಿಂದ ಡಬ್ಬಿ ಬಂದರೆ ಮೂಲೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಹನುಮಂತನಗರಕ್ಕೆ ಫೋನು ಮಾಡಿ ಕಾಯುತ್ತಿದ್ದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕೌಂಟರಿನ ಮುಂದೆ ಸಾಲು ನಿಂತಿರುವಾಗ ಯಾವುದಕ್ಕೂ ಕಾಯಿಸಬಾರದು ಎಂದು ಕಲಿತವಳು. ನನಗೆ ಇವೆಲ್ಲ ಹುಡುಗಾಟವಾಗಿ ಕಾಣುತ್ತಿತ್ತು.

1995ರಲ್ಲಿ ಅಪ್ಪನಿಗೆ ವಿಡಿಯೋ ಕ್ಯಾಮೆರಾದ ಹುಚ್ಚು ಹತ್ತಿತು. ಅದನ್ನೂ ಶೀನಣ್ಣನೇ ಎಂಟು ತಿಂಗಳು ಆರಿಸಿದರು. ಆಮೇಲೆ ಪ್ರತಿ ಎರಡನೆಯ ಶನಿವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಲು ಹೋಗತೊಡಗಿದರು. ಶಿವಗಂಗೆ, ಸಾವನದುರ್ಗ, ದೇವರಾಯನದುರ್ಗ, ನಂದಿ. ಒಂದು ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ಹತ್ತು ವರ್ಷದಲ್ಲಿ ಕಪಾಟಿನ ತುಂಬ ಕ್ಯಾಸೆಟ್ಟುಗಳಾದವು. ಅಮ್ಮ ತೀರಿಕೊಂಡ ವರ್ಷ ಮಾತ್ರ ಹೋಗಲಿಲ್ಲ. ಮುಂದಿನ ವರ್ಷ ಶೀನಣ್ಣ ಬಂದು, ಏಳಯ್ಯಾ ಎಂದು ಎಬ್ಬಿಸಿ ಕರೆದುಕೊಂಡು ಹೋದರು. ಅದನ್ನು ನಾನು ಮರೆಯಬಾರದಾಗಿತ್ತು, ಮರೆತೆ.

2008ರ ಆಗಸ್ಟಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಎರಡೂ ಸೋತವು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಮಾತಿನ ಒಳಗಿದ್ದ ಮನುಷ್ಯ ಹಾಗೇ ಇದ್ದರು. ಹಗಲು ಬಸವಮ್ಮ ಎಂಬಾಕೆ ಬಂದು ನೋಡಿಕೊಳ್ಳುತ್ತಿದ್ದಳು. ಸಂಜೆ ಐದೂವರೆಗೆ ನಾನು ಬಂದರೆ ಅವಳು ಹೊರಡುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ಅಪ್ಪ ನಡುಮನೆಯ ದಿವಾನದ ಮೇಲೆ ಮಲಗಿ ಎದುರಿನ ಟೀವಿ ನೋಡುತ್ತಿದ್ದರು, ಇಲ್ಲ ನೋಡುವವರ ಹಾಗೆ ಇರುತ್ತಿದ್ದರು.

ಅಷ್ಟೂ ತಿಂಗಳಲ್ಲಿ ಅವರು ಬಾಯಿ ಬಿಟ್ಟು ಕೇಳಿದ್ದು ಒಂದೇ. "ಅಮ್ಮಣ್ಣಿ, ಬೆಟ್ಟದ ಕ್ಯಾಸೆಟ್ಟುಗಳನ್ನ ಒಂದ್ಸಲ ನೋಡ್ಬೇಕಲ್ಲಾ."

ಕ್ಯಾಸೆಟ್ಟು ಹಾಕುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಸ್ಟುಡಿಯೋ ಒಂದಕ್ಕೆ ಕೊಟ್ಟು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದೆ. ಆದರೆ ಕಂಪ್ಯೂಟರ್ ಇದ್ದದ್ದು ನನ್ನ ಕೋಣೆಯಲ್ಲಿ. ಅದರ ಮುಂದಿನ ಕುರ್ಚಿಯಲ್ಲಿ ಅಪ್ಪ ಹತ್ತು ನಿಮಿಷ ಕೂತರೆ ಒಂದು ಕಡೆಗೆ ವಾಲುತ್ತಿದ್ದರು. ಒಂದು ದಿನ ಬಿದ್ದೇಬಿಡುತ್ತಿದ್ದರು. ಆಗಷ್ಟೇ ಒಂದು ಬಗೆಯ ಪೆಟ್ಟಿಗೆ ಅಂಗಡಿಗಳಿಗೆ ಬರತೊಡಗಿತ್ತು. ಊಟದ ಡಬ್ಬಿಯಷ್ಟು ದೊಡ್ಡದು. ಕಂಪ್ಯೂಟರಿನಿಂದ ಅದಕ್ಕೊಂದು ವೈರು, ಅದರಿಂದ ಟೀವಿಗೊಂದು ವೈರು. ಕಂಪ್ಯೂಟರಿನಲ್ಲಿರುವ ವಿಡಿಯೋ, ಹಾಡು, ಫೋಟೋ ಯಾವುದನ್ನಾದರೂ ಮಲಗಿದಲ್ಲಿಂದಲೇ ರಿಮೋಟ್ ಒತ್ತಿ ಟೀವಿಯಲ್ಲಿ ನೋಡಬಹುದು. ಅಂಗಡಿಯವರು ಮೀಡಿಯಾ ಪ್ಲೇಯರ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಪೆಟ್ಟಿಗೆ ಎಂದೇ ಹೆಸರಾಯಿತು. ಬ್ಯಾಂಕಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನೋಡಿ ಬಂದು ನಾನೇ ಅಪ್ಪನಿಗೆ ಹೇಳಿದೆ. ಅಪ್ಪನ ಮುಖ ಎಷ್ಟೋ ದಿನದ ಮೇಲೆ ಅರಳಿತು.

"ಶೀನಂಗೆ ಹೇಳು, ಆರಿಸ್ತಾನೆ," ಎಂದರು.

ಇದು ಬೇಗ ಮುಗಿಯುವ ಕೆಲಸವಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ನವೆಂಬರ್ ಮೊದಲ ವಾರದಿಂದ ಶೀನಣ್ಣನ ಓಡಾಟ ಶುರುವಾಯಿತು. ಬೆಳಿಗ್ಗೆ ಹೊತ್ತು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ ಅಂಗಡಿಗಳು, ಸಂಜೆ ಆರಕ್ಕೆ ನಮ್ಮ ಮನೆ. ಪ್ರತಿ ದಿನ. ನಾನು ಬ್ಯಾಂಕಿನಿಂದ ಬಂದು, ಮುಖ ತೊಳೆದು, ಅಪ್ಪನಿಗೆ ಮಾತ್ರೆ ಕೊಟ್ಟು, ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಗೇಟಿನ ಸದ್ದು. ಬಾಗಿಲು ತೆಗೆಯುವವಳು ನಾನೇ. ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, "ಏನ್ ತೀರ್ಮಾನ ಆಯ್ತು?" ಎಂದು ಕೇಳುತ್ತಿದ್ದೆ. ಅದು ಬಿಟ್ಟು ಬೇರೆ ಕೇಳಿದ ನೆನಪಿಲ್ಲ.

"ಇನ್ನೊಂದ್ ಎರಡು ವಿಷಯ ಉಳಿದಿದೆಯಮ್ಮ," ಎಂದು ಹಾಳೆಗಳು ತುಂಬಿದ ಬಟ್ಟೆಯ ಕೈಚೀಲ ಎದೆಗೆ ಹಿಡಿದುಕೊಂಡು ಪಕ್ಕದಿಂದ ನುಸುಳಿ ಒಳಗೆ ಹೋಗುತ್ತಿದ್ದರು.

ಆ ಎರಡು ವಿಷಯ ಎಂದೂ ಮುಗಿಯಲಿಲ್ಲ. ನಮ್ಮದು ಹಳೆಯ ದಪ್ಪ ಟೀವಿ. ಅದಕ್ಕೆ ಕೆಂಪು, ಬಿಳಿ, ಹಳದಿ ಮೂರು ತೂತುಗಳು. ಹೊಸ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಆ ಮೂರು ಬಣ್ಣ ಇಲ್ಲ. ಒಂದು ವಾರ ಅದರ ಚರ್ಚೆ. ಒಂದರ ರಿಮೋಟಿನ ಗುಂಡಿಗಳು ಎಳ್ಳಿನಷ್ಟು ಸಣ್ಣವು, ಅಪ್ಪ ಒಂದೇ ಕೈಯಲ್ಲಿ ಒತ್ತುವುದು ಹೇಗೆ? ಇನ್ನೊಂದರ ಒಳಗಿನ ಫ್ಯಾನು ಗುಂಯ್ ಎನ್ನುತ್ತದೆ. ಮತ್ತೊಂದು ಕನ್ನಡದಲ್ಲಿ ಬರೆದ ಹೆಸರುಗಳನ್ನು ಸಾಲಾಗಿ ಚೌಕ ಚೌಕವಾಗಿ ತೋರಿಸುತ್ತದೆ, ಶಿವಗಂಗೆ ಯಾವುದು ನಂದಿ ಯಾವುದು ಎಂದು ತಿಳಿಯುವುದಿಲ್ಲ.

"ಎಲ್ಲಕ್ಕಿಂತ ಮುಖ್ಯ ಕರೆಂಟ್ ಕಣಯ್ಯಾ ಪಂಚಾಕ್ಷರಿ," ಎಂದು ಒಂದು ಸಂಜೆ ಶೀನಣ್ಣ ಎದ್ದು ನಿಂತರು. "ನೀನು ಅರ್ಧ ಬೆಟ್ಟ ಹತ್ತಿರ್ತೀಯ, ಕರೆಂಟ್ ಹೋಗತ್ತೆ. ವಾಪಸ್ ಬಂದಾಗ ಅದು ನಿಂತಲ್ಲಿಂದ್ಲೇ ಶುರುವಾಗ್ಬೇಕು. ಮತ್ತೆ ಮೊದಲಿಂದ ಹತ್ತಿಸಿದ್ರೆ?"

"ಹತ್ತೋಣ ಬಿಡು. ಈಗ ಕಾಲು ನೋಯಲ್ವಲ್ಲ," ಎಂದರು ಅಪ್ಪ.

ಇಬ್ಬರೂ ನಕ್ಕರು. ನಾನು ಅಡುಗೆಮನೆಯಲ್ಲಿ ಲೋಟಗಳನ್ನು ಕುಕ್ಕಿದೆ. ಐದು ತಿಂಗಳಲ್ಲಿ ಇಂಥ ಎಷ್ಟು ಸಂಜೆಗಳೋ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೆ: ಮಲಗಿದ ಮನುಷ್ಯ ಒಂದೇ ಒಂದು ಆಸೆ ಹೇಳಿದ್ದಾರೆ, ಅದನ್ನು ಪೂರೈಸಲು ಇವರಿಗೆ ಮನಸ್ಸಿಲ್ಲ. ಡಾಕ್ಟರು ಎರಡನೆಯ ಸಲ ಹೊಡೆದರೆ ಕಷ್ಟ ಎಂದಿದ್ದರು. ಅದು ಯಾವಾಗ ಬೇಕಾದರೂ ಆಗಬಹುದು. ಬೆಟ್ಟ ನೋಡದೆ ಅಪ್ಪ ಹೋಗಿಬಿಟ್ಟರೆ ಎಂದು ನನಗೆ ಬ್ಯಾಂಕಿನಲ್ಲಿ ಕೂತಲ್ಲೂ ಚಡಪಡಿಕೆ. ಟೆಲಿಫೋನು ರಿಂಗಾದರೆ ಬೆಚ್ಚುತ್ತಿದ್ದೆ. ಹಾಗೆ ಬೆಚ್ಚಿದಾಗಲೆಲ್ಲ ನನಗೆ ಶೀನಣ್ಣನ ಕೈಚೀಲ ಕಣ್ಣ ಮುಂದೆ ಬಂದು ಸಿಟ್ಟು ಬರುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ನೇರವಾಗಿ ಎಸ್.ಪಿ. ರೋಡಿಗೆ ಹೋದೆ. ಮೊದಲು ಸಿಕ್ಕ ದೊಡ್ಡ ಅಂಗಡಿಗೆ ನುಗ್ಗಿ, ಮೂರು ಬಣ್ಣದ ವೈರು ಹಾಕಬಹುದೇ ಎಂದು ಕೇಳಿ, ಹೌದೆಂದ ಪೆಟ್ಟಿಗೆಯನ್ನು ಕೊಂಡು ಆಟೋ ಹತ್ತಿದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ದಾರಿಯುದ್ದಕ್ಕೂ ನನಗೆ ಗೆದ್ದ ಖುಷಿ.

ಭಾನುವಾರ ಬೆಳಿಗ್ಗೆ ಟೇಪು ಕತ್ತರಿಸಿದೆ. ವೈರು ಎಳೆದೆ, ಕಂಪ್ಯೂಟರಿನಲ್ಲಿ ಏನೇನು ಮಾಡಬೇಕೋ ಪುಸ್ತಕ ನೋಡಿ ಮಾಡಿದೆ, ಸ್ವಿಚ್ ಹಾಕಿದೆ. ಟೀವಿಯ ಪರದೆಯ ಮೇಲೆ ಶಿವಗಂಗೆಯ ಮೆಟ್ಟಿಲು ಬಂತು. ಅಪ್ಪನ ಕಡೆ ತಿರುಗಿದೆ. ಅಪ್ಪ ಪರದೆ ನೋಡುತ್ತಿರಲಿಲ್ಲ, ನೆಲದ ಮೇಲೆ ಬಿದ್ದಿದ್ದ ಖಾಲಿ ಡಬ್ಬಿ ನೋಡುತ್ತಿದ್ದರು.

"ಶೀನಂಗೆ ಹೇಳಿದ್ಯಾ?"

"ಸಾಯಂಕಾಲ ಬರ್ತಾರಲ್ಲ, ನೋಡ್ತಾರೆ."

ಅಪ್ಪ ಡಬ್ಬಿಯ ಕಡೆಗೇ ನೋಡುತ್ತ, "ಅಮ್ಮಣ್ಣಿ, ಅದನ್ನ ವಾಪಸ್ ಡಬ್ಬೀಲಿಟ್ಟು ಟೇಪ್ ಅಂಟಿಸ್ಬಿಡು. ಅವ್ನು ಬಂದು ತೆಗೀಲಿ. ಅವ್ನೇ ಸ್ವಿಚ್ ಹಾಕ್ಲಿ," ಎಂದರು.

"ಅಪ್ಪಾ, ನಾಟಕ ಆಡೋಕೆ ನಂಗೆ ಟೈಮಿಲ್ಲ. ಐದು ತಿಂಗಳು ಕಾದಿದ್ದು ಸಾಕಾಗ್ಲಿಲ್ವಾ ನಿಮ್ಗೆ?"

ರಿಮೋಟನ್ನು ಅವರ ಬಲಗೈಯಲ್ಲಿಟ್ಟು ನಾನು ಬಟ್ಟೆ ಒಗೆಯಲು ಹೋದೆ.

ಸಂಜೆ ಆರಕ್ಕೆ ಶೀನಣ್ಣ ಬಂದರು. ಆವತ್ತು ನಾನು ಏನನ್ನೂ ಕೇಳಲಿಲ್ಲ, ಬಾಗಿಲು ತೆಗೆದು ನಗುತ್ತ ಪಕ್ಕಕ್ಕೆ ನಿಂತೆ. ಅವರು ಒಳಗೆ ಬಂದು ಎರಡು ಹೆಜ್ಜೆ ಇಟ್ಟವರು ಟೀವಿಯ ಮೇಲಿದ್ದ ಪೆಟ್ಟಿಗೆ ಕಂಡು ನಿಂತರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಶೀನಣ್ಣ ಮೆಲ್ಲಗೆ ಹೋಗಿ ಪೆಟ್ಟಿಗೆಯನ್ನು ಮುಟ್ಟಿ, ಹಿಂದಿನ ತೂತುಗಳನ್ನು ನೋಡಿ, ಮೇಲೆ ಅಂಗೈಯಿಟ್ಟು ಬಿಸಿಯಾಗಿದೆಯೇ ಎಂದು ಪರೀಕ್ಷಿಸಿದರು.

"ಒಳ್ಳೇದೇ ತಂದಿದೀಯಮ್ಮ. ಮೇಲೆ ಮಾತ್ರ ಬಟ್ಟೆ ಹೊದಿಸ್ಬೇಡ, ಗಾಳಿ ಆಡ್ಬೇಕು," ಎಂದರು.

ಆ ಸಂಜೆ ಅವರು ಕುರ್ಚಿಯಿಂದ ಏಳಲೇ ಇಲ್ಲ. ಕಾಲೂ ಅಲ್ಲಾಡಲಿಲ್ಲ. ಕಾಫಿ ಕುಡಿದು, ಲೋಟವನ್ನು ತಾವೇ ಅಡುಗೆಮನೆಯವರೆಗೆ ತಂದುಕೊಟ್ಟು, "ಬರ್ತೀನಿ ಪಂಚಾಕ್ಷರಿ," ಎಂದು ಹೊರಟರು. ಎಂದಿಗಿಂತ ಮುಕ್ಕಾಲು ಗಂಟೆ ಮೊದಲು. ನನಗೆ ಹಾಯೆನಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಆ ವಾರವಿಡೀ ಆರು ಗಂಟೆ ಬಂದು ಹೋಗುತ್ತಿತ್ತು, ಗೇಟು ಸದ್ದು ಮಾಡುತ್ತಿರಲಿಲ್ಲ. ಮೊದಲೆರಡು ದಿನ ಸಂಜೆಯ ಹೊತ್ತು ನಾನು ದಿನಪತ್ರಿಕೆ ಪೂರ್ತಿ ಓದಿದೆ. ಮೂರನೆಯ ದಿನ ಓದಲು ಆಗಲಿಲ್ಲ. ಐದೂ ಮುಕ್ಕಾಲಿನಿಂದ ಅಪ್ಪ ಗೋಡೆಯ ಗಡಿಯಾರ ನೋಡುವುದು, ಆರೂಕಾಲಿಗೆ ಕಣ್ಣು ಮುಚ್ಚಿಕೊಳ್ಳುವುದು. ಇದನ್ನು ನೋಡಿಯೂ ನೋಡದ ಹಾಗೆ ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಒಂದೇ ಬಟ್ಟೆಯನ್ನು ಎರಡು ಸಲ ಮಡಿಸಿದೆ. ಹಾಲು ಉಕ್ಕಿತು.

"ಫೋನ್ ಮಾಡ್ಲಾ ಅವ್ರಿಗೆ?" ಎಂದು ಕೇಳಿದೆ.

"ಏನಂತ ಮಾಡ್ತೀಯ?" ಎಂದರು ಅಪ್ಪ.

ಆದರೂ ಮಾಡಿದೆ. ಬಿಸಿಲು ಜಾಸ್ತಿ ಕಣಮ್ಮ, ಬಿಸಿಲು ಇಳಿದ ಮೇಲೆ ಬರ್ತೀನಿ ಎಂದರು. ಸಂಜೆ ಆರು ಗಂಟೆಗೆ ಎಂಥ ಬಿಸಿಲು? ಹಾಗೆ ಕೇಳದೆ ಫೋನು ಇಟ್ಟೆ.

ಅಪ್ಪನಿಗೆ ಬೆಟ್ಟ ಸಿಕ್ಕಿತ್ತು. ಕೇಳಿದ್ದು ಕೊಟ್ಟಾಗಿತ್ತು. ಆದರೆ ಮೊದಲ ನಾಲ್ಕು ದಿನದ ಮೇಲೆ ನಾನಿರುವಾಗ ಅವರು ಪೆಟ್ಟಿಗೆ ಹಾಕುತ್ತಲೇ ಇರಲಿಲ್ಲ. ಊಟ ಕಡಿಮೆಯಾಯಿತು. ವ್ಯಾಯಾಮ ಮಾಡಿಸಲು ಬರುವಾತ, ಹಿಂದಿನ ತಿಂಗಳು ಹಿಡಿದು ನಿಲ್ಲಿಸಿದರೆ ಹತ್ತು ಹೆಜ್ಜೆ ಇಡ್ತಿದ್ರು, ಈಗ ನಿಲ್ಲೋಕೇ ಒಪ್ತಿಲ್ಲ ಎಂದು ದೂರಿದ.

ಮೂರು ವಾರ ಕಳೆದ ಮೇಲೆ ಒಂದು ಶನಿವಾರ. ನಾನು ಮಧ್ಯಾಹ್ನ ಬಂದು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ನಡುಮನೆಯಿಂದ ಶೀನಣ್ಣನ ದನಿ ಕೇಳಿತು. "ಬಾರಯ್ಯಾ ಪಂಚಾಕ್ಷರಿ, ಇನ್ನೆಷ್ಟು ಹೊತ್ತು ಕೂರ್ತೀಯ. ಇಲ್ಲಿ ನಿಂತ್ರೆ ಗಾಳಿ ಎಷ್ಟು ಚೆನ್ನಾಗಿದೆ ನೋಡು." ಬಸವಮ್ಮ ಬಾಗಿಲು ತೆಗೆದಿರಬೇಕು ಎಂದುಕೊಂಡೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೇ ಎಸೆದು ಅಡುಗೆಮನೆಗೆ ಓಡಿದೆ. ಡಿಕಾಕ್ಷನ್ ಇತ್ತು. ಹಾಲು ಕಾಯಿಸಿ, ಎರಡು ಲೋಟ ಕಾಫಿ ಬೆರೆಸಿ, ಒಂದಕ್ಕೆ ಅವರ ಅಭ್ಯಾಸದ ಹಾಗೆ ಸಕ್ಕರೆ ಕಮ್ಮಿ ಹಾಕಿ ನಡುಮನೆಗೆ ತೆಗೆದುಕೊಂಡು ಹೋದೆ.

ಕುರ್ಚಿ ಖಾಲಿ ಇತ್ತು. ಶೀನಣ್ಣ ಟೀವಿಯಲ್ಲಿದ್ದರು.

ಆಗ ನನಗೆ ಹೊಳೆದದ್ದು ಎಷ್ಟು ಸರಳ ಎಂದರೆ, ಅದನ್ನು ಮೊದಲೇ ಯೋಚಿಸದ ನನ್ನ ತಲೆಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕ್ಯಾಮೆರಾ ಹಿಡಿದವರು ಯಾವಾಗಲೂ ಅಪ್ಪ. ಹಾಗಾಗಿ ಹತ್ತು ವರ್ಷದ ಅಷ್ಟೂ ಬೆಟ್ಟಗಳಲ್ಲಿ ಇರುವುದು ಶೀನಣ್ಣ ಒಬ್ಬರೇ. ಮೆಟ್ಟಿಲು ಹತ್ತುವವರು ಅವರು, ಬುತ್ತಿ ಬಿಚ್ಚುವವರು ಅವರು, ಬಂಡೆಯ ಮೇಲೆ ನಿಂತಲ್ಲಿ ನಿಲ್ಲದೆ ಅತ್ತಿತ್ತ ಓಡಾಡುತ್ತ ಮಾತಾಡುವವರು ಅವರು. ಅಪ್ಪ ನೋಡಬೇಕು ಎಂದದ್ದು ಯಾವ ಬೆಟ್ಟವನ್ನು? ನಾನು ಲೋಟಗಳನ್ನು ಹಿಡಿದು ನಿಂತೇ ಇದ್ದೆ.

ಅಪ್ಪ ನನ್ನನ್ನೂ ಲೋಟಗಳನ್ನೂ ನೋಡಿದರು. ಅವರಿಗೆ ಅರ್ಥವಾಯಿತು.

"ಇಡು ಅಮ್ಮಣ್ಣಿ. ಎರಡೂ ನಾನೇ ಕುಡೀತೀನಿ," ಎಂದರು.

ಮರುದಿನ ಬಸವಮ್ಮನಿಗೆ ಭಾನುವಾರದ ರಜೆ ಬೇಡವೆಂದು ಬೇಡಿಕೊಂಡು ಕೂರಿಸಿ ಹನುಮಂತನಗರಕ್ಕೆ ಹೋದೆ. ಬಾಗಿಲು ತೆಗೆದವರು ಶೀನಣ್ಣನ ಹೆಂಡತಿ ಸುಂದರಮ್ಮ. ನನ್ನನ್ನು ಕಂಡದ್ದೇ, "ಬಾಮ್ಮ, ಬಾ. ಅಪ್ಪ ಹೇಗಿದಾರೆ? ಇವ್ರನ್ನ ಸ್ವಲ್ಪ ಹೊರಗಡೆ ಕರ್ಕೊಂಡ್ ಹೋಗು ತಾಯಿ," ಎಂದು ಒಂದೇ ಉಸಿರಿಗೆ ಶುರು ಮಾಡಿದರು. "ಮೂರು ವಾರದಿಂದ ನೋಡ್ತಿದೀನಿ. ಸಾಯಂಕಾಲ ಆಯ್ತು ಅಂದ್ರೆ ಷರ್ಟ್ ಹಾಕ್ಕೋತಾರೆ, ಚಪ್ಪಲಿ ಮೆಟ್ಕೋತಾರೆ, ಗೇಟ್ ತನಕ ಹೋಗ್ತಾರೆ. ಆಮೇಲೆ ವಾಪಸ್ ಬಂದು ಷರ್ಟ್ ಬಿಚ್ತಾರೆ. ಕೇಳಿದ್ರೆ ಮಾತಿಲ್ಲ. ಊರಿಗೆಲ್ಲ ಆರಿಸಿಕೊಟ್ರು, ನಮ್ಮನೇಲಿ ನೋಡು, ಇಪ್ಪತ್ತು ವರ್ಷದ ಮಿಕ್ಸಿ. ಅದನ್ನಾದ್ರೂ ಬದಲಾಯಿಸಿ ಅಂದ್ರೆ ಅದಕ್ಕೂ ಇಲ್ಲ."

ಶೀನಣ್ಣ ಒಳಗಿನಿಂದ ಬಂದರು. ಸುಂದರಮ್ಮ ಕಾಫಿಗೆಂದು ಎದ್ದು ಹೋದರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಕಲಸಿಹೋಯಿತು.

"ತಪ್ಪಾಯ್ತು ಶೀನಣ್ಣ. ನಿಮ್ಮನ್ನ ಕೇಳ್ದೆ ತರಬಾರ್ದಾಗಿತ್ತು. ಬೇಕಾದ್ರೆ ಅದನ್ನ ವಾಪಸ್ ಡಬ್ಬೀಲಿ ಹಾಕಿ ಇಡ್ತೀನಿ. ನೀವೇ ಬಂದು ತೆಗೀರಿ. ಅಪ್ಪಂಗೂ ಅದೇ ಬೇಕಾಗಿದೆ."

ಅವರು ನಕ್ಕರು. ಬೇಸರದ ನಗೆಯಲ್ಲ, ನಿಜವಾಗಿಯೂ ನಕ್ಕರು.

"ಡಬ್ಬಿ ತೆಗೆಯೋಕೆ ಬರ್ತಿದ್ನೇನಮ್ಮ ನಾನು? ಕೈಗುಣ ಗೀಗುಣ ಎಲ್ಲ ಜನ ಹೇಳೋದು. ನಂಗೊತ್ತಿಲ್ವಾ, ಅಂಜನಪ್ಪನ ಫ್ರಿಜ್ ಹೋಗಿದ್ದು ವೋಲ್ಟೇಜಿಂದ ಅಂತ."

"ಮತ್ತೆ?"

ಅವರು ಎದ್ದು ಕಿಟಕಿಯ ಹತ್ತಿರ ಹೋದರು, ಬಂದರು, ಕುರ್ಚಿಯ ಅಂಚಿಗೆ ಕೂತರು.

"ಯಾವುದು ತಗೋಬೇಕು ಅಂತ ಸಂಕ್ರಾಂತಿಗೆ ಮುಂಚೇನೇ ತೀರ್ಮಾನ ಆಗಿತ್ತಮ್ಮ. ಡಿಸೆಂಬರ್ ಕೊನೇಲಿ."

ಮೊದಲು ಬಂದದ್ದು ಸಿಟ್ಟೇ. ಡಿಸೆಂಬರಿನಿಂದ ಏಪ್ರಿಲಿನವರೆಗೆ ನಾನು ಉಗುರು ಕಚ್ಚಿಕೊಂಡು ಬದುಕಿದ್ದೆ. "ಹಾಗಿದ್ರೆ ಯಾಕೆ ಹೇಳ್ಲಿಲ್ಲ ನೀವು? ಅಪ್ಪ ಕಾಯ್ತಾ ಇದ್ರಲ್ಲ. ಅವ್ರಿಗೇನಾದ್ರೂ ಆಗಿದ್ರೆ?" ದನಿ ಏರಿದ್ದು ನನಗೇ ಕೇಳಿಸಿತು.

"ನಿಮ್ಮಪ್ಪಂಗೆ ಹೇಳಿದ್ದೆ. ಅವತ್ತೇ ಹೇಳಿದೆ."

ನಾನು ಅವರ ಮುಖ ನೋಡಿದೆ.

"ಅವ್ನೇ ಅಂದ, ಈಗ್ಲೇ ಮುಗಿಸ್ಬೇಡ ಕಣೋ, ಇನ್ನೊಂದಷ್ಟು ದಿನ ಆರಿಸ್ತಾ ಇರು ಅಂತ. ಬೆಟ್ಟ ಎಲ್ಲಿಗೆ ಹೋಗತ್ತೆ, ಅಲ್ಲೇ ಇರತ್ತೆ ಅಂದ. ಪೆಟ್ಟಿಗೆ ಬಂದ್ಮೇಲೆ ನಾನು ದಿನಾ ಏನಂತ ಬರ್ಲಿ ಹೇಳು?"

"ಸುಮ್ನೆ ಬರಬಹುದಿತ್ತಲ್ಲ ಶೀನಣ್ಣ. ಅಪ್ಪನ ಜೊತೆ ಮಾತಾಡೋಕೆ ಬರೋದಕ್ಕೆ ನಿಮ್ಗೊಂದು ಕೆಲ್ಸ ಬೇಕಾ? ಎಷ್ಟು ವರ್ಷದ ಸ್ನೇಹ ನಿಮ್ಮದು?"

ಅವರು ಕೈಬೆರಳುಗಳನ್ನು ನೋಡಿಕೊಳ್ಳುತ್ತ ಕೂತರು. ಒಳಗೆ ಸುಂದರಮ್ಮ ಪಾತ್ರೆ ಇಟ್ಟ ಸದ್ದಾಯಿತು. ಆಮೇಲೆ ತುಂಬ ಮೆಲ್ಲಗೆ, ಬೈಯುವ ದನಿಯಲ್ಲದೆ, ಇಷ್ಟು ದಿನ ಹೇಳಬಾರದೆಂದು ಇಟ್ಟುಕೊಂಡದ್ದನ್ನು ಹೇಳುವವರ ಹಾಗೆ ಹೇಳಿದರು.

"ಬಾಗ್ಲು ತೆಗೀತಿದ್ದಿದ್ದು ನೀನಲ್ವೇನಮ್ಮ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಹಿಡಿದು, ಅರ್ಧ ಮಾತ್ರ ತೆರೆದು, ಏನ್ ತೀರ್ಮಾನ ಆಯ್ತು ಎಂದು ಕೇಳುವ ಹೆಂಗಸೊಬ್ಬಳನ್ನು ಅವರು ಐದು ತಿಂಗಳು ಪ್ರತಿ ಸಂಜೆ ದಾಟಿಕೊಂಡು ಒಳಗೆ ಹೋಗಿದ್ದರು. ಅವಳಿಗೆ ತೋರಿಸಲು ಅವರಿಗೆ ಚೀಲದ ತುಂಬ ಹಾಳೆಗಳು ಬೇಕಾಗಿದ್ದವು. ಅಪ್ಪನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ, ದಣಿದು ಬರುವ ಮಗಳಿಗೆ ಹೇಳಿ ನೋಯಿಸುವುದಕ್ಕಿಂತ ತಮ್ಮ ಆಸೆಯನ್ನೇ ಮುಂದಕ್ಕೆ ಹಾಕಿಕೊಂಡಿದ್ದರು. ಅಳು ಬಂತು. ಸುಂದರಮ್ಮ ಕಾಫಿ ತಂದವರು ಏನಾಯಿತೆಂದು ಗಾಬರಿಯಾದರು. ಶೀನಣ್ಣ, ಏನಿಲ್ಲ, ಹೊಗೆ ಎಂದರು. ಆ ಮನೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

"ನಾಳೆ ಬನ್ನಿ," ಎಂದೆ ಹೊರಡುವಾಗ. ಅವರು ಬರುತ್ತೇನೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಸೋಮವಾರ ನಾನು ಬ್ಯಾಂಕಿನಿಂದ ಅರ್ಧ ಗಂಟೆ ಮೊದಲೇ ಬಂದೆ. ಅಪ್ಪನಿಗೆ ಏನೂ ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡೆ. ನಕ್ಕು ನೋಡಿದೆ, ಅದು ಕೌಂಟರಿನ ಹಿಂದಿನ ನಗೆಯೇ ಆಯಿತು. ನಗದೆ ನೋಡಿದೆ, ಅದು ಇನ್ನೂ ಕೆಟ್ಟದಾಗಿತ್ತು. ಐದೂ ಮುಕ್ಕಾಲಿಗೆ ಅಪ್ಪ ಗಡಿಯಾರ ನೋಡಿದರು. ನಾನು ನೀರು ಕುಡಿದೆ, ಕಿಟಕಿಯ ಬಳಿ ಹೋದೆ, ಬಂದೆ, ಕೂತೆ, ಎದ್ದೆ. ಆರಾಯಿತು. ಆರು ಹತ್ತಾಯಿತು. ಅಪ್ಪ ಕಣ್ಣು ಮುಚ್ಚಿದರು.

ಗೇಟಿನ ಸದ್ದಾದದ್ದು ಆರೂಕಾಲಿಗೆ.

ಬಾಗಿಲು ಪೂರ್ತಿ ತೆರೆದೆ. ಶೀನಣ್ಣ ಕೈಯಲ್ಲಿ ಏನೂ ಇಲ್ಲದೆ ಮೆಟ್ಟಿಲ ಮೇಲೆ ನಿಂತಿದ್ದರು. ಬಂದದ್ದಕ್ಕೆ ಏನು ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ, ಏನು ಕೇಳಬೇಕೆಂದು ನನಗೂ ತಿಳಿಯಲಿಲ್ಲ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅದು ಆಗ ಹೇಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.